ಜೋಳ ಕೇಳಲು ಹೋದದ್ದು

ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಲ್ಲಿ ನಾವು ಐದು ಮಂದಿ ಹೆಂಗಸರು ದಿನಾ ಸಂಜೆ ರೊಟ್ಟಿ ಬಡಿದು ದೊಡ್ಡ ಆಸ್ಪತ್ರೆಗೆ ಒಯ್ಯುತ್ತೇವೆ, ರೋಗಿಗಳ ಜೊತೆ ಬಂದವರಿಗೆ. ಜೋಳ ಮಾತ್ರ ಊರೂರು ತಿರುಗಿ ಕೇಳಿ ತರಬೇಕು. ಅದು ನಮ್ಮಲ್ಲಿ ಹಿರಿಯಾಕೆಯ ಕೆಲಸ. ಆಕೆ ಜಾರಿಬಿದ್ದು ಕಾಲು ಮುರಿದುಕೊಂಡಾಗ ಚೀಲ ನನ್ನ ಹೆಗಲಿಗೆ ಬಂತು.

ನನಗೋ ಪಕ್ಕದ ಮನೆಯಲ್ಲಿ ಒಂದು ಚಮಚ ಹೆಪ್ಪು ಕೇಳುವುದಕ್ಕೂ ಜೀವ ಹಿಡಿಯಾಗುತ್ತದೆ. "ಹತ್ತು ರೊಟ್ಟಿ ಹೆಚ್ಚಿಗಿ ಬಡೀತೇನಿ, ಇದೊಂದು ನನ್ನ ಕೈಲೆ ಆಗೂದಿಲ್ಲಬೇ" ಎಂದೆ.

"ಜ್ವಾಳ ಇಲ್ಲದ ಏನ್ ಬಡೀತಿ, ನಿನ್ನ ತಲೀನಾ?" ಎಂದಳು ಮಂಚದ ಮೇಲಿಂದಲೇ.

ತಿಕೋಟಾ ಬಸ್ಸು ಹತ್ತಿದೆ. ಆಕೆ ಹೇಳಿದ್ದ ಮನೆ ದೊಡ್ಡದು, ಪಡಸಾಲೆಯ ತುಂಬ ಒಣದ್ರಾಕ್ಷಿಯ ಪೆಟ್ಟಿಗೆಗಳು. ಮನೆಯಾಕೆ ಚಹಾ ಕೊಟ್ಟು, "ಏನ್ ಕೆಲಸ ಇತ್ರಿ?" ಎಂದಳು. ನನ್ನ ಸುಡುಗಾಡು ಬಾಯಿ! "ಏನಿಲ್ಲರಿ, ಸುಮ್ನ ಬಂದಿದ್ದೆ" ಎಂದುಬಿಟ್ಟಿತು. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸುವುದುಂಟೇ? ಆಕೆ ನನಗೆ ಉಡಿ ತುಂಬಿದಳು: ಅಕ್ಕಿ, ಕಾಯಿ, ಕುಪ್ಪಸದ ಖಣ, ಮೇಲೊಂದು ಹಿಡಿ ದ್ರಾಕ್ಷಿ. ಸೆರಗೊಡ್ಡಿ ಇಸಿದುಕೊಂಡೆ, ಆಗ ಒಂಚೂರೂ ನಾಚಿಕೆಯಾಗಲಿಲ್ಲ. ಖಾಲಿ ಚೀಲವನ್ನು ಮಡಚಿ ಬಗಲಲ್ಲಿಟ್ಟುಕೊಂಡು ಬಸ್ಸಿಗೆ ನಿಂತೆ.

ಅಂದು ಸಂಜೆ ರೊಟ್ಟಿ ಕಡಿಮೆ ಬಿದ್ದವು. ಸಾಲಿನ ಕೊನೆಗಿದ್ದವಳು ಅರಕೇರಿಯ ಒಬ್ಬ ತಾಯಿ, ಮಗಳ ಹೆರಿಗೆಗೆ ಬಂದವಳು. ಮುಂದೆ ಹಿಡಿದಿದ್ದ ತಾಟನ್ನು, ಬುಟ್ಟಿ ಬರಿದಾದದ್ದು ಕಂಡು ಹಿಂದಕ್ಕೆಳೆದುಕೊಂಡಳು.

"ಏನಿಲ್ಲ ಬಿಡ್ರಿ, ನನಗ ಹಸಿವಿಲ್ಲ. ಸುಮ್ನ ಬಂದಿದ್ದೆ."

ಅಯ್ಯೋ ಶಿವನೇ, ನನ್ನದೇ ಮಾತು! ನಾನು ಅದನ್ನು ಆಡುವಾಗ ನನ್ನ ಹೊಟ್ಟೆ ತುಂಬಿತ್ತು. ದ್ರಾಕ್ಷಿ ಅಷ್ಟನ್ನೂ ಆಕೆಯ ಕೈಗಿಟ್ಟೆ. ಅದರಿಂದ ಯಾರ ಹೊಟ್ಟೆ ತುಂಬೀತು? ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಬಬಲೇಶ್ವರಕ್ಕೆ ಹೋದೆ. ಮೊದಲ ಮನೆಯ ಹೊಸ್ತಿಲ ಮುಂದೆ ನಿಂತು, ಕೂಡ್ರಿ ಎನ್ನುವ ಮೊದಲೇ "ಜ್ವಾಳ ಬೇಕಾಗಿದ್ವುರಿ" ಎಂದೆ.

ಒಳಗಿಂದ ಬಂದ ಮುದುಕಿ ನನ್ನ ಇಸ್ತ್ರಿ ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾರಿಗಿ ಬೇ?"

ನನಗಲ್ಲರಿ, ಪಾಪ, ಆಸ್ಪತ್ರೆಯ ಬಡವರಿಗೆ ಎಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹಿಂದಕ್ಕೆ ಹೋದ ಆ ತಾಟು ಕಣ್ಣಮುಂದೆ ಬಂತು.

"ನಮಗ ಯವ್ವಾ" ಎಂದು ಚೀಲದ ಬಾಯಿ ಬಿಚ್ಚಿ ಹಿಡಿದೆ.