ಮೂಲೆಯ ಅರಿಶಿನ

ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟಿರುವ ಸಿದ್ದೇಶ್ವರನಿಗೆ ಇನ್ನೂ ಮೂವತ್ತು ತುಂಬಿಲ್ಲ. ಆದರೂ ಯಾರಾದರೂ ಇಮೇಲ್ ಕೇಳಿದರೆ ಅಂಗಡಿಯ ಫೋನ್ ನಂಬರ್ ಬರೆದುಕೊಡುತ್ತಾನೆ. ಬೆಂಗಳೂರಿನಿಂದ ಬರುವ ಕಂಪನಿ ಏಜೆಂಟರಿಗೆ ಇದೊಂದು ತಮಾಷೆ. "ಏನ್ರೀ, ಈ ವಯಸ್ಸಲ್ಲಿ ಇಂಟರ್‌ನೆಟ್ ಬರಲ್ವಾ?" ಎಂದು ಕೆಣಕುತ್ತಾರೆ.

"ಬತ್ತದೆ ಸಾ. ಅದ್ರ ತಂಟೆಗೆ ಓಗಲ್ಲ, ಅಷ್ಟೇಯ," ಎಂದು ಇವನು ವಾಷರ್ ಹುಡುಕುವುದಕ್ಕೆ ಬಗ್ಗುತ್ತಾನೆ.

ಬರದೆ ಏನು ಕೇಡು! ಎರಡು ಸಾವಿರದ ನಾಲ್ಕರಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿನಲ್ಲಿ ಇವನಿಗೆಂದೇ ಒಂದು ಕುರ್ಚಿ ಇತ್ತು. ಕಾಲೇಜು ಬಿಟ್ಟರೆ ಅಲ್ಲೇ ಠಿಕಾಣಿ. ಯಾರ ರಿಸಲ್ಟ್ ನೋಡಬೇಕಾದರೂ ಸಿದ್ದೇಶನೇ ಬೇಕು. ಕೊಂಚ ಜಂಬವೂ ಇತ್ತು ಅನ್ನಿ, ಹುಡುಗುತನದಲ್ಲಿ ಅಷ್ಟೂ ಇರದಿದ್ದರೆ ಹೇಗೆ. ಅಕ್ಕ ಶಿವರಂಜನಿಯ ಮದುವೆಯಾದ ಮೇಲೆ ಅವನು ಆ ಕುರ್ಚಿಯಲ್ಲಿ ಕೂರಲಿಲ್ಲ.

ಮದುವೆ ಹಾಸನದ ಛತ್ರವೊಂದರಲ್ಲಿ. ಅಪ್ಪ ಇಲ್ಲದ ಮನೆಯಾದ್ದರಿಂದ ನೆಂಟರನ್ನು ಕರೆಯುವ ಕೆಲಸ ಇವನ ತಲೆಗೆ ಬಂತು. ಅವರ ಮನೆತನದಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ತರುವವನು ಸೋದರಮಾವ. ಹಾಗಾಗಿ ಮೊದಲ ಕರೆ ಹಾಸನದ ಬಳಿಯ ಕಟ್ಟಾಯದಲ್ಲಿದ್ದ ಮಾವ ಗಂಗಾಧರಯ್ಯನಿಗೆ. ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಎಲೆಅಡಿಕೆ ಜೊತೆ ಕೈಗೆ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಅಪ್ಪ ಹೋದ ಮೇಲೆ ಶಿವರಂಜನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಆ ಮಾವನೇ.

ಸಿದ್ದೇಶನಿಗೆ ಅಷ್ಟು ದೂರ ಹೋಗುವ ಬದಲು ಬೇರೆ ಉಪಾಯ ಹೊಳೆಯಿತು. ಮಾವನ ಮಗ ಪಾಲಾಕ್ಷ ಹಾಸನದ ಆಫೀಸೊಂದರಲ್ಲಿದ್ದ, ಅವನಿಗೆ ಇಮೇಲ್ ಇತ್ತು. ಶಾಸ್ತ್ರ ತಪ್ಪಬಾರದು ನೋಡಿ, ಮಹರಾಯ ಮೂಲೆಗಳಿಗೆ ಅರಿಶಿನ ಹಚ್ಚಿಯೇ ಪತ್ರಿಕೆಯನ್ನು ಸ್ಕ್ಯಾನ್ ಮಾಡಿಸಿದ. ಪರದೆಯ ಮೇಲೆ ಹಳದಿ ಚೆನ್ನಾಗಿ ಕಂಡಿತು. ಕಳಿಸಿ ಮನೆಗೆ ಬಂದು, "ಮಾವನ್ನ ಕರ್ದಾಯ್ತು ಕಣವ್ವ," ಎಂದ. ತಾಯಿ ಪ್ರೇಮಕುಮಾರಿ ನಂಬಿದಳು.

ಮದುವೆಯ ಹಿಂದಿನ ದಿನದ ಚಪ್ಪರದ ಶಾಸ್ತ್ರಕ್ಕೆ ಮಾವ ಬರಲಿಲ್ಲ. ಮುಹೂರ್ತದ ಬೆಳಿಗ್ಗೆಯೂ ಸುಳಿವಿಲ್ಲ. ಸೀರೆ ಉಟ್ಟು ಕೂತಿದ್ದ ಶಿವರಂಜನಿ ಬಾಗಿಲ ಕಡೆಗೇ ನೋಡುತ್ತಿದ್ದಳು. "ಮಾವ ಬರದೆ ನಾನ್ ಮೇಲಕ್ಕೇಳಲ್ಲ ಕಣವ್ವ," ಎಂದಳು, ಮೆಲ್ಲಗೆ.

ತಾಯಿ ಮಗನನ್ನು ಛತ್ರದ ಅಡುಗೆಮನೆಯ ಹಿಂದಕ್ಕೆ ಕರೆದಳು. "ನಿಜ ಏಳು. ಕಟ್ಟಾಯಕ್ಕೆ ಓಗಿದ್ಯಾ?"

ಸಿದ್ದೇಶ ತಲೆ ತಗ್ಗಿಸಿದ. ಬೈಗುಳ ಬರುತ್ತದೆಂದುಕೊಂಡರೆ ಅವಳು ಎಲೆಅಡಿಕೆ, ಪತ್ರಿಕೆ ತಂದು ಕೈಗಿಟ್ಟಳು. "ಈಗ್ಲೇ ಓಗು," ಎಂದಷ್ಟೇ ಹೇಳಿದಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ದಾರಿಯುದ್ದಕ್ಕೂ ಅವನಿಗೆ ಒಂದೇ ದಿಗಿಲು. ಮಾವ ಬರುವುದಿಲ್ಲ ಅಂದುಬಿಟ್ಟರೆ ಅಕ್ಕನ ಮುಖ ನೋಡುವುದು ಹೇಗೆ?

ಕಟ್ಟಾಯದ ಮನೆಬಾಗಿಲಲ್ಲಿ ಅತ್ತೆ ಮಲ್ಲಿಗಮ್ಮ ಎದುರಾದಳು. ಬಾ ಅನ್ನಲಿಲ್ಲ. ಗೋಡೆಯ ಗೂಡಿನಿಂದ ಒಂದು ಕಾಗದ ತೆಗೆದು ಅವನ ಮುಂದೆ ಹಿಡಿದಳು. ಪಾಲಾಕ್ಷ ಆಫೀಸಿನಲ್ಲಿ ಪ್ರಿಂಟ್ ತೆಗೆದು ಊರಿನವರ ಕೈಲಿ ಕಳಿಸಿದ್ದ ಪತ್ರಿಕೆ ಅದು. ಆ ಹಳೆಯ ಪ್ರಿಂಟರಿಗೆ ಕಪ್ಪು ಬಿಟ್ಟು ಬೇರೆ ಬಣ್ಣ ಇರಲಿಲ್ಲ, ಬಿಳಿಯಲ್ಲದ್ದೆಲ್ಲ ಅದಕ್ಕೆ ಕಪ್ಪೇ. ಅರಿಶಿನ ಹಚ್ಚಿದ್ದ ನಾಲ್ಕು ಮೂಲೆಯೂ ಮಸಿ ಬಳಿದಂತೆ ಕಪ್ಪಾಗಿದ್ದವು.

"ಮೂಲೆ ಕರ್ರಗಿರದ್ ನೋಡಿ ಸಾವಿನ್ ಕಾಗ್ದ ಅಂದ್ಕಂಡು ಎದೆ ಒಡ್ಕಂಡೆ ಕಣಪ್ಪ," ಎಂದಳು ಅತ್ತೆ. "ಆಮೇಲ್ ಓದುಸ್ದಾಗ ನಮ್ ಮಗೀನ್ ಮದ್ವೆ ಅಂತ ಗೊತ್ತಾಯ್ತು."

ಸಿದ್ದೇಶನ ಕಣ್ಣು ಜಗಲಿಯ ಕಡೆ ಹೋಯಿತು. ಗಂಗಾಧರಯ್ಯ ಅಲ್ಲಿ ಕೂತಿದ್ದ. ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಜರಿ ಅಂಚಿನ ಪಂಚೆ ಉಟ್ಟು, ರುಮಾಲು ಸುತ್ತಿದ್ದ. ತೊಡೆಯ ಮೇಲೆ ಸೋದರ ಸೊಸೆಗೆಂದು ತಂದ ಸೀರೆಯ ಗಂಟಿತ್ತು.

"ಯಾವಾಗಿಂದ ಕೂತಿದೀಯ ಮಾವ?"

"ಬೆಳಕರದಾಗಿಂದ ಕಣ್ಲಾ. ಯಾರಾರ ಬತ್ತೀರಿ ಅಂತ."

ಸಿದ್ದೇಶ ಎಲೆಅಡಿಕೆ ಮುಂದೆ ಚಾಚಿದ. ಗಂಗಾಧರಯ್ಯ ಕೈ ಚಾಚದೆ ಅವನ ಮುಖವನ್ನೇ ನೋಡಿದ.

"ಬಾಯ್ ಬುಟ್ಟು ಕರಿ ಮಗ," ಎಂದ. "ಮೂರ್ತಕ್ಕೆ ಒತ್ತಾಯ್ತದೆ."

"ಅಕ್ಕನ್ ಮದ್ವೆ. ಬಾ ಮಾವ."

ಅವನ ಮಾತು ಮುಗಿಯುವಷ್ಟರಲ್ಲಿ ಮಾವ ಜಗಲಿ ಇಳಿದು ಚಪ್ಪಲಿ ಮೆಟ್ಟಿದ್ದ.