ರಾಗಿ ಹೊಟ್ಟು ನುಂಗಿದ ವಿಮಾನ

ವಿಮಾನಕ್ಕೂ ಮೂಗಿದೆ, ಅದನ್ನು ದಿನಾ ತೊಳೆಯುವುದೇ ನನ್ನ ಕೆಲಸ ಎಂದರೆ ಕೃಷ್ಣರಾಜನಗರದ ನಮ್ಮ ಬೀದಿಯವರು ಬಿದ್ದು ಬಿದ್ದು ನಗುತ್ತಿದ್ದರು. ನಗಲಿ ಬಿಡಿ. ಅಕ್ಕ ಮಾತ್ರ ನಗುತ್ತಿರಲಿಲ್ಲ. ಆ ವಿಮಾನ ಹಾರಿಸುತ್ತಿದ್ದವರು ಅವಳ ಗಂಡ, ನನ್ನ ಭಾವ. ನಾನು ಅದರ ಮೆಕ್ಯಾನಿಕ್. ಅವಳಿಗೆ ಆಗ ಏಳು ತಿಂಗಳು.

ಐವತ್ತರ ದಶಕದ ಕೊನೆಯ ಮಾತು. ಕಬಿನಿ ಹೊಳೆಯ ಕಣಿವೆಯನ್ನು ಮೇಲಿನಿಂದ ಫೋಟೋ ತೆಗೆಯುವ ಕೆಲಸ ನಮ್ಮದು. ಒಂದೇ ಇಂಜಿನ್ನಿನ ಪುಟ್ಟ ವಿಮಾನ, ಅದರ ಹೊಟ್ಟೆಯಡಿ ಕ್ಯಾಮೆರಾ. ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿ ಒಂದು ಬೀಳು ನೆಲದ ಮೇಲೆ ಕಲ್ಲಿನ ಗುಂಡು ಉರುಳಿಸಿ ಗಟ್ಟಿ ಮಾಡಿ, ಅಲ್ಲಿಂದಲೇ ಹಾರುತ್ತಿದ್ದೆವು. ಕೆಲಸಕ್ಕೆ ಹೊರಡುವ ದಿನ ಅಕ್ಕ ಭಾವನಿಂದ ಮಾತು ತೆಗೆದುಕೊಂಡಿದ್ದಳು.

"ಮೇಲಿದ್ದಾಗ ಇಂಜಿನ್ನು ಒಂದ್ ಗಳಿಗೆ ನಿಂತ್ರೂ ಈ ಕೆಲ್ಸ ಬುಟ್ಬುಡ್ಬೇಕು ಕಣ್ರೀ. ನನ್ ಹೊಟ್ಟೆ ಮುಟ್ಟಿ ಆಣೆ ಇಡಿ."

ಭಾವ ನಗುತ್ತಲೇ ಆಣೆ ಇಟ್ಟರು. ನನಗೆ ನಗು ಬರಲಿಲ್ಲ. ನೆಲದ ಮೇಲೆ ನಾಲ್ಕು ದಿನ ಇದ್ದರೆ ಊಟವೂ ರುಚಿಸದ ಮನುಷ್ಯ ಅವರು.

ಆ ಮೂಗಿನ ವಿಷಯ ಹೇಳಬೇಕು. ಇಂಜಿನ್ನಿಗೆ ಪೆಟ್ರೋಲ್ ಇದ್ದರಷ್ಟೇ ಸಾಲದು, ಗಾಳಿಯೂ ಬೇಕು. ಮುಂದಿನ ಬಾಯಿಯಿಂದ ಬರುವ ಗಾಳಿ ಎಣ್ಣೆ ಸವರಿದ ಜಾಲರಿಯಲ್ಲಿ ಹಾದು ಒಳಗೆ ಹೋಗುತ್ತದೆ. ದೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಅದೇ ಏರ್ ಫಿಲ್ಟರು. ದೂಳಿಲ್ಲದಷ್ಟು ಮೇಲೆ ಹೋದ ಮೇಲೆ ಪೈಲಟ್ ಒಂದು ಹಿಡಿಕೆ ಎಳೆಯುತ್ತಾರೆ. ಆಗ ಬೇರೊಂದು ಬಾಗಿಲು ತೆರೆದು ಎದುರುಗಾಳಿ ಸೋಸದೆ ನೇರವಾಗಿ ನುಗ್ಗುತ್ತದೆ, ಇಂಜಿನ್ನಿಗೆ ಕೊಂಚ ಹೆಚ್ಚು ಕಸುವು ಬರುತ್ತದೆ. ನೆಲದ ಹತ್ತಿರ ಮಾತ್ರ ಆ ಬಾಗಿಲು ತೆರೆಯಬಾರದು. ಮಣ್ಣು ಒಳಗೆ ಹೋಗಿ ಇಂಜಿನ್ನನ್ನೇ ತೇಯ್ದುಬಿಡುತ್ತದೆ.

ಸುಗ್ಗಿಯಲ್ಲಿ ಕ್ಯಾಮೆರಾ ಕೆಟ್ಟಿತು. ಅದು ರಿಪೇರಿಯಾಗುವ ತನಕ ಊರಿನಲ್ಲಿದ್ದು, ಒಂದು ಬೆಳಿಗ್ಗೆ ವಾಪಸು ಬಂದು ನೋಡಿದರೆ ವಿಮಾನ ಓಡುವ ನೆಲವೆಲ್ಲ ಸಗಣಿ ಸಾರಿಸಿದೆ! ಅಷ್ಟು ಗಟ್ಟಿ ನೆಲ ಖಾಲಿ ಬಿದ್ದಿದ್ದರೆ ರೈತರು ಸುಮ್ಮನಿರುತ್ತಾರೆಯೇ? ಕಣ ಮಾಡಿಕೊಂಡು ರಾಗಿ ಒಕ್ಕಿ, ತೂರಿ, ಮೂಟೆ ಕಟ್ಟಿ ಒಯ್ದಿದ್ದರು. ನಾನು ಕೂಗಾಡಿದೆ. ಅಲ್ಲೇ ಪೊರಕೆ ಹಿಡಿದು ನಿಂತಿದ್ದ ಒಬ್ಬ ಅಜ್ಜಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ.

"ಯಾಕ್ ಸ್ವಾಮಿ ಬಯ್ತೀರಿ? ನಿಮ್ ಇಮಾನಕ್ಕೆ ದೂಳಾಗ್ಬಾರ್ದು ಅಂತ ಇನ್ನೊಂದ್ ಕಿತ ಸಾರ್ಸಿ ಕೊಟ್ಟಿದೀವಿ."

ಒಣಗಿದ ಸಗಣಿಯನ್ನು ಕಾಲಿನಿಂದ ಕೆರೆದೆ. ಅಡಿಯಲ್ಲೆಲ್ಲ ಹೊಟ್ಟು.

"ಭಾವ, ನೀರು ಹೊಡೆಸೋಣ. ಸ್ವಲ್ಪ ತಡೀರಿ," ಎಂದೆ.

"ಫೋಟೋಗೆ ಬೆಳಗಿನ ಬಿಸ್ಲೇ ಬೇಕು ಕಣೋ. ಪಾಪ, ಅಷ್ಟು ಚೆನ್ನಾಗಿ ಸಾರ್ಸವ್ರೆ," ಎಂದು ನಗುತ್ತ ಹತ್ತಿಬಿಟ್ಟರು.

ಫ್ಯಾನು ತಿರುಗಿದ್ದೇ ತಡ, ಇಡೀ ಕಣವೇ ಮೇಲೆದ್ದಿತು. ಹೊಟ್ಟಿನ ಮೋಡದೊಳಗಿಂದ ವಿಮಾನ ಓಡಿ, ನೆಲ ಬಿಟ್ಟು, ಹುಣಸೆಮರಗಳ ಮೇಲೆ ಏರುತ್ತಿರುವಾಗ ಸದ್ದು ನಿಂತಿತು. ಅಕ್ಕನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು. ಮೂಗು ತಗ್ಗಿ ವಿಮಾನ ಮರಗಳ ಹಿಂದೆ ಮರೆಯಾಯಿತು. ಆಮೇಲೆ ಕೆಮ್ಮಿದಂತೊಂದು ಸದ್ದು, ಮತ್ತೊಂದು, ಮತ್ತೆ ಇಂಜಿನ್ನಿನ ಮೊರೆತ. ಭಾವ ಸೋಸದ ಗಾಳಿಯ ಆ ಹಿಡಿಕೆ ಎಳೆದಿದ್ದರು.

ಒಂದು ಸುತ್ತು ಹಾಕಿ ಇಳಿದರು. ಫಿಲ್ಟರು ಬಿಚ್ಚಿದೆ. ಎಣ್ಣೆಯ ಜಾಲರಿಯಲ್ಲಿ ಹೊಟ್ಟು ರೊಟ್ಟಿ ತಟ್ಟಿದ ಹಾಗೆ ಮೆತ್ತಿತ್ತು. ಇಂಜಿನ್ನು ಬಿಚ್ಚಿ ನೋಡದೆ ಇನ್ನು ಹಾರಿಸುವ ಹಾಗಿರಲಿಲ್ಲ. ಭಾವ ಸಿಗರೇಟು ಹಚ್ಚಲು ನೋಡಿದರು. ಪೆಟ್ರೋಲಿನ ಹತ್ತಿರ ಬೇಡವೆಂದು ನಾನು ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ.

ಊರಿನ ಬಸ್ಸಿನಲ್ಲಿ ಭಾವ, "ನಿಮ್ಮಕ್ಕಂಗೆ ಹೇಳ್ಬೇಡ ಕಣೋ," ಎಂದರು. ಅಂಗಲಾಚುವ ದನಿ. ಮೈ ಉರಿಯಿತು, ಅಯ್ಯೋ ಅನ್ನಿಸಿತು. ಹೂಂ ಎಂದೆ.

ಮನೆ ತಲುಪಿದಾಗ ಅಕ್ಕ ಅಂಗಳದಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾವು ಜಗಲಿಯ ಮೇಲೆ ಕೂತೆವು. ಅವಳು ಏನೋ ತಮಾಷೆ ಮಾಡುತ್ತ ಮೊರ ಎತ್ತಿ ಬೀಸಿದಳು. ಗಾಳಿ ತಿರುಗಿ ಹೊಟ್ಟು ನಮ್ಮ ಮೇಲೆ ಬಂತು.

"ನಿಲ್ಸು! ನಿಲ್ಸೇ ಅದನ್ನ!"

ಭಾವ ಮೂಗು ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದರು. ಅವರು ಅವಳ ಮೇಲೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಕ್ಕ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಮೊರ ಕೆಳಗಿಟ್ಟಳು.

"ಇಂಜಿನ್ನು ಯಾವತ್ತು ನಿಂತಿದ್ದು?"

"ಇವತ್ತು," ಎಂದರು ಭಾವ.

ಅಕ್ಕ ಕಷ್ಟಪಟ್ಟು ಎದ್ದು ಬಂದು ಸೆರಗಿನಿಂದ ಅವರ ಹೆಗಲ ಮೇಲಿನ ಹೊಟ್ಟು ಒರೆಸಿದಳು. ಭಾವ ಮಕ್ಕಳ ಹಾಗೆ ಬಿಕ್ಕಿದರು.

ಮರುದಿನ ಭಾವ ಕೆಲಸ ಬಿಟ್ಟು ಬರೆದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಇಂಜಿನ್ನು ಬಿಚ್ಚಲು ನಾನೊಬ್ಬನೇ ಹುಣಸೂರಿನ ಬಸ್ಸು ಹತ್ತಿದೆ.