ಕೆಂಪು ಕಸ ಮರಳಿ ತಂದ ಮೆಯ್‌ಯಿನ್

ಹೊಸವರ್ಷದ ಹಬ್ಬದ ಮೊದಲ ಬೆಳಗು. ಬಾಗಿಲು ತೆರೆದ ತು ಮೆಯ್‌ಯಿನ್ ಹೊಸ್ತಿಲಲ್ಲೇ ಕಲ್ಲಾಗಿ ನಿಲ್ಲುತ್ತಾರೆ. ಕೈಯ ತಟ್ಟೆಯಿಂದ, ಹಬ್ಬದ ಹಾರೈಕೆಗೆ ಕೊಡುವ ಎರಡು ಕಿತ್ತಳೆ ಜಾರಿ ಓಣಿಗೆ ಬಿದ್ದು, ಎಲ್ಲೂ ತಡೆಯಿಲ್ಲದೆ ಎದುರು ಮನೆಯವರೆಗೆ ಉರುಳುತ್ತವೆ. ಹಾಗೆ ಉರುಳಿದ್ದೇ ದಿಗಿಲು. ನಿನ್ನೆ ನಲವತ್ತಮೂರು ಮನೆಗಳವರು ಸುಟ್ಟ ಪಟಾಕಿಯ ಕೆಂಪು ಕಾಗದ ಇಲ್ಲಿ ಪಾದ ಮುಚ್ಚುವಷ್ಟು ಬಿದ್ದಿತ್ತು. ಈಗ ಹಳೆಬಾವಿ ಓಣಿ ನೆಕ್ಕಿಟ್ಟ ಬಟ್ಟಲಿನಂತಿದೆ.

ಈ ದಿನ ಯಾರೂ ಪೊರಕೆ ಮುಟ್ಟುವುದಿಲ್ಲ. ಗುಡಿಸಿದರೆ ಮನೆಗೆ ಬಂದ ಅದೃಷ್ಟವೂ ಕಸದ ಜೊತೆ ಹೊರಟುಹೋಗುತ್ತದೆ. ಕೆಂಪು ಕಾಗದ ಐದನೇ ದಿನದವರೆಗೆ ಬಾಗಿಲ ಮುಂದೆ ಬಿದ್ದಿರಬೇಕು. ಈ ಓಣಿಯನ್ನು ಗುಡಿಸುವ ಕೈ ಒಂದೇ, ಮೆಯ್‌ಯಿನ್ ಅವರದು.

"ನೀನಾ?" ಎದುರು ಮನೆಯ ಕೋ ಅಜ್ಜಿ ಬಾಗಿಲಿಗೆ ಬಂದು ಕೇಳುತ್ತಾರೆ. ಅವರ ಸೊಸೆಗೆ ಈ ತಿಂಗಳು ಹೆರಿಗೆ.

"ಇಲ್ಲ ಅಜ್ಜಿ. ನನ್ನ ಪೊರಕೆ ಬಚ್ಚಿಟ್ಟಿದ್ದು ಬಚ್ಚಿಟ್ಟ ಹಾಗೇ ಇದೆ."

ಒಂದೊಂದೇ ಬಾಗಿಲು ತೆರೆಯುತ್ತದೆ, ಒಂದೊಂದೇ ಬಾಯಿಯೂ. ಆದರೆ ಇಂದು ಕೆಟ್ಟ ಮಾತು ಆಡುವಂತಿಲ್ಲ; ಬೈಯಬೇಕೆಂದವರು ಹಾರೈಸಿಯೇ ಚುಚ್ಚಬೇಕು. "ನಿನ್ನ ಕೈಗೆ ನೂರು ವರ್ಷ ಆಯಸ್ಸು ಬರಲಿ! ಅಬ್ಬಬ್ಬಾ, ಏನು ಚುರುಕು! ನಮ್ಮ ಮನೆಯಂತೂ ಪೂರ್ತಿ ಖಾ..." ಎಂದ ಮೀನಂಗಡಿಯ ಲಾಯ್ ಗಾಬರಿಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ.

ಐವತ್ತನಾಲ್ಕರ ಮೆಯ್‌ಯಿನ್ ಈ ಕೆಲಸಕ್ಕೆ ಸೇರಿದ್ದು ಇಪ್ಪತ್ತಾರು ವರ್ಷಗಳ ಹಿಂದೆ, ಗಂಡ ದೋಣಿಕಟ್ಟೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ. ಮುನ್ನೂರ ಹತ್ತು ಹೆಜ್ಜೆಯ ಓಣಿ, ದಿನಕ್ಕೆ ಹದಿನೆಂಟು ಬುಟ್ಟಿ ಕಸ, ತಿಂಗಳಿಗೆ ಎರಡು ಬಿದಿರುಕಡ್ಡಿ ಪೊರಕೆ. ಚಳಿ ಬಂದರೆ ಬಲಭುಜ ಮೇಲೇಳುವುದಿಲ್ಲ. ವರ್ಷಕ್ಕೆ ರಜೆ ನಾಲ್ಕೇ ದಿನ, ಪೊರಕೆ ಮುಟ್ಟದ ಈ ನಾಲ್ಕು.

"ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಆದ್ರೆ ಈ ವರ್ಷ ಯಾರ ಮನೇಲಿ ಏನೇ ಆದ್ರೂ ಎಲ್ಲರ ಕಣ್ಣು ನನ್ನ ಬಾಗಿಲ ಮೇಲೇ. ಆಮೇಲೆ ಇಲ್ಲಿ ತಲೆ ಎತ್ತಿ ಹೇಗೆ ಬಾಳೋದು?" ಎನ್ನುತ್ತಾರೆ.

ಕಲ್ಲುಹಾಸಿನ ಮೇಲೆ ಒದ್ದೆ ಸುತ್ತುಗಳ ಗುರುತು ಅವರಿಗೆ ಕಾಣುತ್ತದೆ. ಊರಾಡಳಿತ ಹೊಸದಾಗಿ ತಂದ ಗುಡಿಸುವ ಗಾಡಿಯದು. ಮೆಯ್‌ಯಿನ್ ತಳ್ಳುಗಾಡಿ ಹಿಡಿದು ಸೇತುವೆಯಾಚೆಯ ಕಸದಂಗಳಕ್ಕೆ ಓಡುತ್ತಾರೆ. ಅಲ್ಲಿ ಗಾಡಿಯ ಚಾಲಕನೂ ಬೆವರುತ್ತ ಕುಳಿತಿದ್ದಾನೆ.

"ಪಟ್ಟಿಯಲ್ಲಿ ನಿಮ್ಮ ಓಣಿ ಇತ್ತು ಅಕ್ಕಾ. ಪಟ್ಟಿಗೆ ಇವತ್ತು ಬರೀ ಮಂಗಳವಾರ. ಗುಡಿಸಿದ್ದು ಗಾಡಿ, ನಾನಲ್ಲ ಅಂತ ದಾರಿಯುದ್ದಕ್ಕೂ ದೇವರಿಗೆ ಹೇಳ್ಕೊಂಡು ಬಂದೆ."

"ಆ ಕಸ ವಾಪಸ್ ಕೊಡು ತಮ್ಮಾ."

"ಕಸಾನಾ?" ಅವನ ಕಣ್ಣು ಅಗಲವಾಗುತ್ತದೆ.

ಅಂಗಳದಲ್ಲಿ ನಾಲ್ಕು ಓಣಿಗಳ ಕಾಗದ ಒಂದೇ ಗುಡ್ಡೆಯಾಗಿ ಬಿದ್ದಿದೆ. ನೋಡಿದ ಮೆಯ್‌ಯಿನ್ ಅದರ ಸುತ್ತ ಒಮ್ಮೆ ನಡೆದು ಬರುತ್ತಾರೆ. ಯಾರ ಅದೃಷ್ಟ ಯಾರಿಗೆ? ಆಮೇಲೆ ನೆಲಕ್ಕೆ ಕುಕ್ಕರಿಸಿ, ಕೈಯಿಂದಲೇ ಆರಿಸತೊಡಗುತ್ತಾರೆ. ದಪ್ಪ ಕಾಗದ ಒಂದು ಮನೆಯದು, ಬಂಗಾರದ ಗೆರೆಯದು ಇನ್ನೊಂದು ಮನೆಯದು. ಬಿಸಿಲೇರುವ ಹೊತ್ತಿಗೆ ಏಳು ಚೀಲ ತುಂಬುತ್ತವೆ.

ಓಣಿಗೆ ಬಂದು, ಗುಡಿಸಿದ್ದು ಊರಾಡಳಿತದ ಗಾಡಿ ಎನ್ನುತ್ತ ಬಾಗಿಲು ಬಾಗಿಲಿಗೂ ಸುರಿಯುತ್ತಾರೆ. ಪೊರಕೆಯಿಲ್ಲ, ಅಂಗೈಯಲ್ಲೇ ಹರಡುತ್ತಾರೆ. ಜನ ಹೊಸ್ತಿಲಿಗೆ ಬಂದು ನೋಡುತ್ತಾರೆ. ಇಷ್ಟು ವರ್ಷ ಕಸ ಒಯ್ದವರು ಕಸ ತಂದು ಹಾಕುತ್ತಿದ್ದಾರೆ!

"ಇದು ಪಕ್ಕದ ಓಣಿಯವರ ಅದೃಷ್ಟ ಅಲ್ಲ ತಾನೇ?" ಲಾಯ್‌ಗೆ ಇನ್ನೂ ಅನುಮಾನ.

"ನಿಂದೇ ಕಣೋ. ಇಷ್ಟು ಅಗ್ಗದ ಪಟಾಕಿ ಇನ್ಯಾರು ತರ್ತಾರೆ? ನೋಡು, ಒದ್ದೆಯಾದ್ರೆ ಗುಲಾಬಿ ಬಣ್ಣ."

ಓಣಿಗೆ ಓಣಿಯೇ ನಗುತ್ತದೆ. ಕೋ ಅಜ್ಜಿ ಮಾತ್ರ ನಗುವುದಿಲ್ಲ. ಬಂಗಾರದ ಗೆರೆಯ ಚೂರೊಂದನ್ನು ಎತ್ತಿ ತಿರುಗಿಸಿ ನೋಡುತ್ತಾರೆ. "ನಮ್ಮನೆ ಕಾಗದ ನನಗೇ ಗುರುತಿಲ್ಲವಲ್ಲೇ. ನಿನಗೆ ಹೇಗೆ ಗೊತ್ತಾಯ್ತು?"

"ಪ್ರತಿ ವರ್ಷ ಐದನೇ ದಿನ ಎತ್ತೋಳು ನಾನೇ ಅಲ್ವಾ ಅಜ್ಜಿ?"

ಅಜ್ಜಿ ಒಳಗೆ ಹೋಗುತ್ತಾರೆ. ಬೆಳಿಗ್ಗೆ ತಮ್ಮ ಹೊಸ್ತಿಲಿಗೆ ಉರುಳಿಬಂದಿದ್ದ ಎರಡು ಕಿತ್ತಳೆಗಳನ್ನು ಒರೆಸಿ ತಂದು, ಎರಡೂ ಕೈಯಲ್ಲಿ ಹಿಡಿದು ಮೆಯ್‌ಯಿನ್ ಮುಂದೆ ಚಾಚುತ್ತಾರೆ.

ಇಂದು ಐದನೇ ದಿನ. ಬೆಳಕು ಹರಿಯುವ ಮೊದಲೇ ಮೆಯ್‌ಯಿನ್ ಪೊರಕೆ ಹೊರಗೆ ತೆಗೆದಿದ್ದಾರೆ. ಅಂಗೈಗೆ ಹತ್ತಿದ ಕೆಂಪು ಎಷ್ಟು ಉಜ್ಜಿದರೂ ಹೋಗಿಲ್ಲ. ಮುಂದಿನ ವರ್ಷಕ್ಕೆ ಏನು ಬೇಕು ಎಂದು ಕೇಳಿದರೆ, "ಮೊದಲ ದಿನ ಹೊತ್ತೇರೋವರೆಗೂ ಮಲಗಬೇಕು" ಎಂದು ನಗುತ್ತಾರೆ. ನಾಲ್ಕು ಹೆಜ್ಜೆ ಗುಡಿಸಿ, ಕೋ ಅಜ್ಜಿಯ ಬಾಗಿಲ ಮುಂದೆ ಪೊರಕೆ ನಿಲ್ಲಿಸುತ್ತಾರೆ.

"ಗಾಡಿಗೆ ಇದೆಲ್ಲ ಬರೀ ಕಸ. ನನಗೆ ಯಾರ ಮನೇದು ಅಂತ ಗೊತ್ತು."